201 ಅಂಕಿಯ ಸಂಖ್ಯೆ, 50 ಸೆಕೆಂಡಿನ ಉತ್ತರ

ಮೊದಲು ಈ ಸಂಖ್ಯೆಯನ್ನು ನೋಡಿ. ಓದಬೇಕಾಗಿಲ್ಲ, ನೋಡಿದರೆ ಸಾಕು.

916 748 676 920 039 158 098 660 927 585
380 162 483 106 680 144 308 622 407 126
516 427 934 657 040 867 096 593 279 205
767 480 806 790 022 783 016 354 924 852
380 335 745 316 935 111 903 596 577 547
340 075 681 688 305 620 821 016 129 132
845 564 805 780 158 806 771

ಒಟ್ಟು 201 ಅಂಕಿಗಳು. ಕಣ್ಣಿಗೆ ಸುಲಭವಾಗಲಿ ಎಂದು ಮೂರು ಮೂರು ಅಂಕಿಗಳ 67 ಗುಂಪು ಮಾಡಿದ್ದೇನೆ. ಹಾಗೆ ಮಾಡಿದ್ದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮುಂದೆ ಬರುತ್ತದೆ.

1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯಲ್ಲಿ ಈ ಸಂಖ್ಯೆಯನ್ನು ಶಕುಂತಲಾ ದೇವಿಯವರ ಮುಂದಿಟ್ಟು ಇದರ 23ನೇ ಮೂಲ ಎಷ್ಟು ಎಂದು ಕೇಳಿದರು. ಅಂದರೆ ಯಾವ ಸಂಖ್ಯೆಯನ್ನು 23 ಸಲ ಬರೆದು ಎಲ್ಲವನ್ನೂ ಗುಣಿಸಿದರೆ ಈ ರಾಶಿ ಬರುತ್ತದೆ ಎಂದು. 50 ಸೆಕೆಂಡಿನಲ್ಲಿ ಅವರು ಕೊಟ್ಟ ಉತ್ತರ 546372891. ಅದು ಸರಿಯೇ ಎಂದು ನೋಡಲು ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ಯೂನಿವ್ಯಾಕ್ ಕಂಪ್ಯೂಟರಿಗೆ ಬೇರೆಯೇ ಪ್ರೋಗ್ರಾಂ ಬರೆಯಬೇಕಾಯಿತು. ಉತ್ತರ ಸರಿಯಾಗಿತ್ತು.

ಶಕುಂತಲಾ ದೇವಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1929ರ ನವೆಂಬರ್ 4ರಂದು, ಕನ್ನಡದ ಮನೆಯಲ್ಲಿ. ತಂದೆ ಸರ್ಕಸ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಮೂರು ವರ್ಷದ ಮಗಳು ಇಸ್ಪೀಟು ಎಲೆಗಳನ್ನು ನೆನಪಿಟ್ಟುಕೊಳ್ಳುವುದನ್ನು ಮೊದಲು ಗಮನಿಸಿದವರು ಅವರೇ. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಲೆಕ್ಕ ಮಾಡಿ ತೋರಿಸಿದರು. ಶಾಲೆಯ ಓದು ಸರಿಯಾಗಿ ಸಿಗಲೇ ಇಲ್ಲ. 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಅವರ ಬಗ್ಗೆ ಮಾತು ಬಂದಾಗಲೆಲ್ಲ ನಾವು "ಅದು ದೇವರ ಕೊಡುಗೆ" ಎಂದು ಮುಗಿಸಿಬಿಡುತ್ತೇವೆ. ಕೊಡುಗೆಯೇ ಇರಬಹುದು. ಆದರೂ ಆ 201 ಅಂಕಿಗಳ ಒಳಗೆ ಉತ್ತರ ಹೇಗೆ ಅಡಗಿ ಕೂತಿದೆ ಎಂದು ಹುಡುಕುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕಾಮರ್ಸ್‌ನವರಿಗೆ ಲೆಕ್ಕ ಅಂದರೆ ಕೂಡುವುದು ಕಳೆಯುವುದು ಅಷ್ಟೇ ಎಂದು ಸೈನ್ಸ್ ಗೆಳೆಯರು ಛೇಡಿಸುತ್ತಾರೆ. ನಮ್ಮ ಬೇಸಿಕ್ ಮ್ಯಾಥ್ಸ್ ಪುಸ್ತಕದಲ್ಲೂ ನಂಬರ್ ಥಿಯರಿ ಇದೆ, ಲಾಗರಿದಮ್ ಇದೆ. ಅವೆರಡನ್ನೇ ಇಟ್ಟುಕೊಂಡು ನಾವು ಮೂವರು, ಹನೂರಿನ ಬಸ್ಸಿನವನೊಬ್ಬ, ಯಳಂದೂರಿನ ಬಸ್ಸಿನವನೊಬ್ಬ, ಕೊಳ್ಳೇಗಾಲದ ನಾನು, ಎರಡು ಊಟದ ಬಿಡುವಿನಲ್ಲಿ ಈ 23ನೇ ಮೂಲವನ್ನು ಕಾಗದದ ಮೇಲೆ ತೆಗೆದೆವು. ಶಕುಂತಲಾ ದೇವಿಯವರ ದಾರಿ ಇದೇ ಎಂದು ನಾನು ಹೇಳುತ್ತಿಲ್ಲ. ಇದು ನಮ್ಮ ದಾರಿ.

ಮೊದಲು ಚಿಕ್ಕದೊಂದರಿಂದ ಶುರು ಮಾಡೋಣ. 1988ರಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರದ ಪ್ರೊಫೆಸರ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿ 1990ರಲ್ಲಿ ಅದರ ಬಗ್ಗೆ ಬರೆದರು. ಅವರು ಕೇಳಿದ ಒಂದು ಲೆಕ್ಕ 61629875ರ ಘನಮೂಲ. ಪ್ರೊಫೆಸರ್ ತಮ್ಮ ನೋಟ್‌ಬುಕ್‌ನಲ್ಲಿ ಪ್ರಶ್ನೆ ಬರೆದುಕೊಳ್ಳುವಷ್ಟರಲ್ಲಿ ಉತ್ತರ ಬಂದಿತ್ತು. ಇದನ್ನು ನಾವೂ ಮಾಡಬಹುದು. ಕೊನೆಯ ಅಂಕಿ 5, ಆದ್ದರಿಂದ ಮೂಲದ ಕೊನೆಯ ಅಂಕಿಯೂ 5. ಮೊದಲ ಭಾಗ 61. ಮೂರರ ಘನ 27, ನಾಲ್ಕರ ಘನ 64. 61 ಇವೆರಡರ ನಡುವೆ ಇರುವುದರಿಂದ ಮೊದಲ ಅಂಕಿ 3. ಉತ್ತರ ಮುನ್ನೂರ ಚಿಲ್ಲರೆ, ಕೊನೆಗೆ 5. ನಡುವಿನ ಅಂಕಿ ಮಾತ್ರ ಬಾಕಿ.

ನಡುವಿನದನ್ನು ಹಿಡಿಯುವುದಕ್ಕೆ 11 ಬೇಕು. ಯಾವುದೇ ಸಂಖ್ಯೆಯ ಅಂಕಿಗಳನ್ನು ಬಲಗಡೆಯಿಂದ ಒಂದನ್ನು ಕೂಡಿ, ಮುಂದಿನದನ್ನು ಕಳೆದು, ಮತ್ತೆ ಕೂಡಿ, ಮತ್ತೆ ಕಳೆಯುತ್ತ ಹೋದರೆ ಕೊನೆಗೆ ಉಳಿಯುವುದೇ 11ರಿಂದ ಭಾಗಿಸಿದಾಗಿನ ಶೇಷ (ಹತ್ತು ಅಂದರೆ ಹನ್ನೊಂದಕ್ಕೆ ಒಂದು ಕಡಿಮೆ, ಅದಕ್ಕೇ ಪ್ರತಿ ಸ್ಥಾನಕ್ಕೂ ಚಿಹ್ನೆ ಬದಲಾಗುತ್ತದೆ). 5−7+8−9+2−6+1−6 = −12, ಅಂದರೆ ಶೇಷ 10. ಇನ್ನು 0ಯಿಂದ 10ರವರೆಗಿನ ಸಂಖ್ಯೆಗಳ ಘನವನ್ನು 11ರಿಂದ ಭಾಗಿಸಿದರೆ ಕ್ರಮವಾಗಿ ಬರುವ ಶೇಷ 0, 1, 8, 5, 9, 4, 7, 2, 6, 3, 10. ಒಂದೂ ಎರಡು ಸಲ ಬಂದಿಲ್ಲ ಎಂಬುದನ್ನು ಗಮನಿಸಿ. ಘನದ ಶೇಷ 10 ಆಗಬೇಕಾದರೆ ಮೂಲದ ಶೇಷವೂ 10. ನಡುವಿನ ಅಂಕಿ ಕ ಎಂದಾದರೆ 5−ಕ+3, ಅಂದರೆ 8−ಕ ಎಂಬುದರ ಶೇಷ 10 ಆಗಬೇಕು. ಕ = 9. ಉತ್ತರ 395.

ದೊಡ್ಡ ಲೆಕ್ಕವೂ ಇಷ್ಟೇ. ಒಂದೊಂದು ಅಂಕಿಯ ಬದಲು ಮೂರಂಕಿಯ ಗುಂಪು, 10ರ ಬದಲು 1000, 11ರ ಬದಲು 1001. ಮೂಲಕ್ಕೆ ಎಷ್ಟು ಅಂಕಿ ಎಂದು ಮೊದಲು ನೋಡಬೇಕು. ಒಂಬತ್ತಂಕಿಯ ಅತಿ ಚಿಕ್ಕ ಸಂಖ್ಯೆ ಹತ್ತು ಕೋಟಿ. ಅದರ 23ನೇ ಘಾತಕ್ಕೆ 185 ಅಂಕಿ. ಒಂಬತ್ತಂಕಿಯ ಸಂಖ್ಯೆಗಳ 23ನೇ ಘಾತ 207 ಅಂಕಿ ಮೀರುವುದಿಲ್ಲ. 201 ಇದರ ನಡುವೆ ಇದೆ. ಹಾಗಾಗಿ ಉತ್ತರ ಒಂಬತ್ತಂಕಿಯದು, ಮೂರು ಗುಂಪು.

ಮೊದಲ ಗುಂಪಿಗೆ ಲಾಗ್ ಟೇಬಲ್. ನಮ್ಮ ನಾಲ್ಕಂಕಿಯ ಟೇಬಲ್ ಪ್ರಕಾರ ಸಂಖ್ಯೆಯ ಲಾಗ್ 200.9622. ಅದನ್ನು 23ರಿಂದ ಭಾಗಿಸಿದರೆ 8.7375. ಆಂಟಿಲಾಗ್ 5464. ನಾಲ್ಕನೇ ಅಂಕಿಯನ್ನು ಇಲ್ಲಿ ನಂಬಬಾರದು (ನಿಜವಾಗಿ ಅದು 3), ಮೊದಲ ಮೂರು ಖಚಿತ. 546.

ಕೊನೆಯ ಗುಂಪು ಇನ್ನೂ ಚೆಂದ. ಯಾವ ಸಂಖ್ಯೆಯನ್ನೇ ಆಗಲಿ ಅದರಿಂದಲೇ ಗುಣಿಸುತ್ತ ಹೋದರೆ ಬಿಡಿ ಸ್ಥಾನದ ಅಂಕಿ ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. 23ರಲ್ಲಿ ನಾಲ್ಕರ ಐದು ಸುತ್ತು ಹೋಗಿ 3 ಉಳಿಯುತ್ತದೆ. ಆದ್ದರಿಂದ 23ನೇ ಘಾತದ ಕೊನೆಯ ಅಂಕಿ ಘನದ ಕೊನೆಯ ಅಂಕಿಯೇ. ಘನದಲ್ಲಿ 2 ಇದ್ದದ್ದು 8, 8 ಇದ್ದದ್ದು 2, 3 ಮತ್ತು 7 ಹಾಗೆಯೇ ಅದಲು ಬದಲು. ಉಳಿದವು ಹಾಗೇ ಇರುತ್ತವೆ. ನಮ್ಮ ಸಂಖ್ಯೆ 1ರಲ್ಲಿ ಮುಗಿಯುತ್ತದೆ, ಮೂಲವೂ 1ರಲ್ಲೇ ಮುಗಿಯಬೇಕು.

ಹತ್ತರ ಸ್ಥಾನದಲ್ಲಿ ಕ ಇದೆ ಎಂದುಕೊಳ್ಳಿ. ಮೂಲದ ಕೊನೆ 10ಕ+1. ಇಂಥ 23 ಆವರಣಗಳನ್ನು ಗುಣಿಸುವಾಗ ಒಂದು ಆವರಣದಿಂದ 10ಕ, ಉಳಿದ 22ರಿಂದ 1 ತೆಗೆದುಕೊಂಡರೆ 230ಕ ಸಿಗುತ್ತದೆ. ಎರಡು ಆವರಣದಿಂದ 10ಕ ತೆಗೆದರೆ ಅದು ನೂರರ ಸ್ಥಾನಕ್ಕೆ ಹೋಗುತ್ತದೆ, ನಮಗೆ ಬೇಡ. ಹಾಗಾಗಿ ಕೊನೆಯ ಎರಡಂಕಿ 230ಕ+1ರಿಂದ ಬರುತ್ತದೆ, ಅಂದರೆ 30ಕ+1. ಸಂಖ್ಯೆಯ ಕೊನೆ 71. ಮೂರರ ಮಗ್ಗಿಯಲ್ಲಿ 7ರಲ್ಲಿ ಮುಗಿಯುವುದು ಎಲ್ಲಿ? ಮೂರೊಂಬತ್ಲಿ ಇಪ್ಪತ್ತೇಳು. ಕ = 9.

ನೂರರ ಸ್ಥಾನಕ್ಕೂ ಅದೇ ಉಪಾಯ. 91ರ ವರ್ಗ, ವರ್ಗದ ವರ್ಗ ಎಂದು ಕೊನೆಯ ಮೂರಂಕಿ ಮಾತ್ರ ಇಟ್ಟುಕೊಂಡು ಹೋದರೆ 91, 281, 961, 521, 441. ಇವು 1, 2, 4, 8, 16ನೇ ಘಾತಗಳು. 23 = 16+4+2+1 ಆದ್ದರಿಂದ 441, 961, 281, 91 ಇವನ್ನು ಗುಣಿಸಿದರೆ ಕೊನೆಗೆ 371. ಇದಕ್ಕೆ 300ಮ ಸೇರಿ 771 ಆಗಬೇಕು, ಇಲ್ಲಿ ಮ ನೂರರ ಸ್ಥಾನದ ಅಂಕಿ. ಮೂರರ ಮಗ್ಗಿಯಲ್ಲಿ 4ರಲ್ಲಿ ಮುಗಿಯುವುದು 24. ಮ = 8. ಕೊನೆಯ ಗುಂಪು 891.

ಇಲ್ಲಿ ಒಂದು ಮಾತು. 23 ಎಂಬ ದೊಡ್ಡ ಘಾತ ನೋಡಿ ಹೆದರುತ್ತೇವೆ. ಆದರೆ 23ಕ್ಕೂ 10ಕ್ಕೂ ಸಾಮಾನ್ಯ ಅಪವರ್ತನ ಇಲ್ಲದಿರುವುದರಿಂದಲೇ ಮೂರರ ಮಗ್ಗಿ ಪ್ರತಿ ಸಲ ಒಂದೇ ಉತ್ತರ ಕೊಟ್ಟಿತು. 5ನೇ ಮೂಲ ಕೇಳಿದ್ದರೆ 30ಕ ಬದಲು 50ಕ ಬರುತ್ತಿತ್ತು. ಐದರ ಮಗ್ಗಿ 5 ಅಥವಾ 0ಯಲ್ಲೇ ಮುಗಿಯುತ್ತದೆ, ಕ ಯಾವುದೆಂದು ತಿಳಿಯುತ್ತಲೇ ಇರಲಿಲ್ಲ. ಚಿಕ್ಕ ಘಾತವೇ ಸುಲಭ ಎಂದೇನಿಲ್ಲ.

ಇನ್ನು ನಡುವಿನ ಗುಂಪು. ನಮ್ಮ ಮನೆಯಲ್ಲಿ 1001 ಎಂದರೆ ಅಲಿಫ್ ಲೈಲಾ, ಸಾವಿರದೊಂದು ರಾತ್ರಿಯ ಕಥೆ. ಗಣಿತದಲ್ಲಿ ಅದು 7×11×13. 67 ಗುಂಪುಗಳನ್ನು ಬಲಗಡೆಯಿಂದ ಒಂದು ಬಿಟ್ಟು ಒಂದರಂತೆ ಎರಡು ಪಟ್ಟಿ ಮಾಡಿ, ಕ್ಯಾಶ್ ಬುಕ್ಕಿನ ಎರಡು ಬದಿಯಂತೆ ಕೂಡಿದೆವು. ಒಂದು ಕಡೆ 17709, ಇನ್ನೊಂದು ಕಡೆ 15825. ವ್ಯತ್ಯಾಸ 1884. ಇದನ್ನು 7ರಿಂದ ಭಾಗಿಸಿದರೆ ಶೇಷ 1, 11ರಿಂದ 3, 13ರಿಂದ 12. ಆ 201 ಅಂಕಿಯ ಸಂಖ್ಯೆಯನ್ನೇ ಭಾಗಿಸಿದರೂ ಶೇಷ ಇವೇ.

ಈಗ ಫರ್ಮಾನ ಪ್ರಮೇಯ ಬೇಕು. 7, 11, 13ರಂಥ ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡು, ಅದರಿಂದ ಭಾಗವಾಗದ ಯಾವುದೇ ಸಂಖ್ಯೆಗೆ ಅದಕ್ಕಿಂತ ಒಂದು ಕಡಿಮೆ ಘಾತ ಕೊಟ್ಟರೆ ಶೇಷ ಯಾವಾಗಲೂ 1. ಹನ್ನೊಂದಕ್ಕೆ 10ನೇ ಘಾತ 1, 20ನೇ ಘಾತವೂ 1, ಉಳಿಯುವುದು 3. ಘನದ ಶೇಷ 3 ಎಂದರೆ ಮೇಲಿನ ಪಟ್ಟಿಯಲ್ಲಿ ನೋಡಿ, ಮೂಲದ ಶೇಷ 9. ಏಳಕ್ಕೆ 23ರಲ್ಲಿ 18 ಹೋಗಿ 5. ಐದನೇ ಘಾತದ ಶೇಷ 1 ಆಗುವುದು 1ಕ್ಕೆ ಮಾತ್ರ. ಹದಿಮೂರಕ್ಕೆ 12 ಹೋಗಿ 11. ಹನ್ನೊಂದನೇ ಘಾತದ ಶೇಷ 12. ಇನ್ನೊಮ್ಮೆ ಅದೇ ಸಂಖ್ಯೆಯಿಂದ ಗುಣಿಸಿದರೆ ಹನ್ನೆರಡನೇ ಘಾತ, ಶೇಷ 1 ಬರಲೇಬೇಕು. 12×12 = 144, ಅದು 143ಕ್ಕಿಂತ ಒಂದು ಹೆಚ್ಚು. ಆದ್ದರಿಂದ ಮೂಲದ ಶೇಷ 12.

13ರಿಂದ ಭಾಗಿಸಿದರೆ 12 ಉಳಿಯುವವು 12, 25, 38, 51, 64... ಇವುಗಳಲ್ಲಿ 11ಕ್ಕೆ 9 ಮತ್ತು 7ಕ್ಕೆ 1 ಉಳಿಸುವ ಮೊದಲನೆಯದು 64. ಅಂದರೆ ಮೂಲವನ್ನು 1001ರಿಂದ ಭಾಗಿಸಿದರೆ ಶೇಷ 64. ನಡುವಿನ ಗುಂಪು ನ ಎಂದಾದರೆ 891−ನ+546 = 1437−ನ. ಇದು 64 ಆಗಬೇಕಾದರೆ ನ 1373 ಆಗಬೇಕು, ಅದು ಮೂರಂಕಿಯಲ್ಲ. ಒಂದು 1001 ಕಳೆಯಿರಿ. 372.

546 372 891.

ಈ ಸಾಲು ಬರೆದಾಗ ಹನೂರಿನ ಗೆಳೆಯ ಬೆಂಚಿನ ಮೇಲೆ ಗುದ್ದಿದ ಸದ್ದಿಗೆ ಪಕ್ಕದ ಕ್ಲಾಸಿನ ಮೇಡಂ ಬಂದು ನೋಡಿ ಹೋದರು.

ಉತ್ತರವನ್ನು ಮತ್ತೊಮ್ಮೆ ನೋಡಿ. 1ರಿಂದ 9ರವರೆಗಿನ ಎಲ್ಲ ಅಂಕಿಗಳೂ ಒಂದೊಂದೇ ಸಲ ಬಂದಿವೆ. ಅವುಗಳ ಮೊತ್ತ 45, ಆದ್ದರಿಂದ ಮೂಲ 9ರಿಂದ ಭಾಗವಾಗುತ್ತದೆ. ನಿಜ ಹೇಳಬೇಕೆಂದರೆ 27ರಿಂದಲೇ ಭಾಗವಾಗುತ್ತದೆ: 27×20236033. ಈ 20236033 ಮತ್ತೆ 3ರಿಂದ ಭಾಗವಾಗುವುದಿಲ್ಲ. ಹಾಗಾಗಿ ದೊಡ್ಡ ಸಂಖ್ಯೆಯೊಳಗೆ 3 ಎಂಬ ಅಪವರ್ತನ ಸರಿಯಾಗಿ 69 ಸಲ ಇದೆ. ನೂರರೊಳಗಿನ ಬೇರೆ ಯಾವ ಅವಿಭಾಜ್ಯ ಸಂಖ್ಯೆಯೂ ಇದನ್ನು ಭಾಗಿಸುವುದಿಲ್ಲ. ಪಾಠದಲ್ಲಿ ಓದಿದ ಭಾಜಕಗಳ ಸೂತ್ರ ಹಾಕಿದರೆ ಇದಕ್ಕೆ ಕನಿಷ್ಠ 70×24 = 1680 ಭಾಜಕಗಳು.

9ರಿಂದ ಭಾಗವಾಗುವುದಾದರೆ 201 ಅಂಕಿಗಳ ಮೊತ್ತವೂ 9ರಿಂದ ಭಾಗವಾಗಬೇಕು. ನಾವು ಕೂಡಿದಾಗ ಮೊದಲು 880 ಬಂತು. ಆಗಲಿಲ್ಲ. ಶಕುಂತಲಾ ದೇವಿ ತಪ್ಪಿರಲಾರರು, ತಪ್ಪು ನಮ್ಮದೇ ಎಂದು ಮತ್ತೆ ಕೂಡಿದರೆ ಎಲ್ಲೋ ಒಂದು 2 ಬಿಟ್ಟುಹೋಗಿತ್ತು. 882. ಒಂಬತ್ತು ತೊಂಬತ್ತೆಂಟಲಿ ಎಂಟುನೂರ ಎಂಬತ್ತೆರಡು.

ಈ ಒಂಬತ್ತರ ಪರೀಕ್ಷೆ ಬಹಳ ಹಳೆಯದು. ಎರಡನೇ ಆರ್ಯಭಟನ ಮಹಾಸಿದ್ಧಾಂತದಲ್ಲಿ ಇದೆ. ಸಾವಿರ ವರ್ಷಗಳ ಹಿಂದೆ ಕೂಶ್ಯಾರ್ ಇಬ್ನ್ ಲಬ್ಬಾನ್ ಭಾರತದ ಲೆಕ್ಕದ ಪದ್ಧತಿಯ ಬಗ್ಗೆ ಅರಬಿಯಲ್ಲಿ ಬರೆದ ಪುಸ್ತಕದಲ್ಲೂ ಇದೆ. ಅಲ್ಲಿ ಇದರ ಹೆಸರು ಮೀಜಾನ್, ಅಂದರೆ ತಕ್ಕಡಿ. ನಮ್ಮ ದಾದಿ ಇವತ್ತಿಗೂ ಚೀಟಿಯ ಕೆಳಗಿನ ಒಟ್ಟು ಮೊತ್ತಕ್ಕೆ ಮೀಜಾನ್ ಎನ್ನುತ್ತಾರೆ. ಜಮಾ, ಖರ್ಚು, ಬಾಕಿ, ವಸೂಲಿ ಎಂಬ ಪದಗಳು ಕನ್ನಡದ ಲೆಕ್ಕದ ಪುಸ್ತಕಕ್ಕೆ ಬಂದ ದಾರಿಯಲ್ಲೇ ಇದೂ ಬಂದು ಮನೆಯೊಳಗೆ ಉಳಿದುಕೊಂಡಿದೆ. (ಯಳಂದೂರಿನ ಗೆಳೆಯರಿಗೆ ನೆನಪಿರಲಿ: ಟಿಪ್ಪುವಿನ ಖಜಾನೆ ನೋಡಿಕೊಂಡು ಆಮೇಲೆ ಮೈಸೂರಿನ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕಿದ್ದು ನಿಮ್ಮ ಊರು. ಲೆಕ್ಕ ಬಲ್ಲವರಿಗೆ ಆಗ ಊರೇ ಸಿಗುತ್ತಿತ್ತು.)

ಆದರೆ ಈ ತಕ್ಕಡಿಗೆ ಒಂದು ಕಣ್ಣು ಕುರುಡು. 546372891ರ ಬದಲು ಶಕುಂತಲಾ ದೇವಿ ಬಾಯಿತಪ್ಪಿ 546372819 ಎಂದಿದ್ದರೆ? ಮೊತ್ತ ಆಗಲೂ 45. ಒಂಬತ್ತಂಕಿಗಳನ್ನು ಹೇಗೆ ಬೇಕಾದರೂ ಜೋಡಿಸಿ, 362880 ಬಗೆ, ಎಲ್ಲವೂ 9ರ ಪರೀಕ್ಷೆಯಲ್ಲಿ ಪಾಸು. 11ರ ಪರೀಕ್ಷೆ ಮಾತ್ರ ಹಿಡಿಯುತ್ತದೆ: ಸರಿ ಉತ್ತರದ ಶೇಷ 9, ತಪ್ಪು ಉತ್ತರದ್ದು 3.

ಈ ಕುರುಡೇ ಕಾಮರ್ಸ್‌ನವರಿಗೆ ಉಪಯೋಗಕ್ಕೆ ಬರುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಗುಣಕ. ತಾಳೆಪಟ್ಟಿ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ ಎಂದು ಅಕೌಂಟೆನ್ಸಿಯಲ್ಲಿ ಹೇಳಿಕೊಡುವುದು ಇದಕ್ಕೇ. ಹೋದ ರಂಜಾನ್ ಸಮಯದಲ್ಲಿ ನಮ್ಮ ಮಾಮುವಿನ ಬಟ್ಟೆ ಅಂಗಡಿಯಲ್ಲಿ ಸಂಜೆ ಹೊತ್ತು ಬಿಲ್ಲುಗಳನ್ನು ಪುಸ್ತಕಕ್ಕೆ ಇಳಿಸುವ ಕೆಲಸ ನನ್ನದಾಗಿತ್ತು. ಒಂದು ರಾತ್ರಿ ಗಲ್ಲಾದಲ್ಲಿ 2700 ರೂಪಾಯಿ ಕಡಿಮೆ ಬಂತು. ಅಂಗಡಿಯಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಹುಡುಗ ಇದ್ದ. ಮಾಮು ಅವನಿಗೆ ಒಂದು ಮಾತೂ ಅನ್ನಲಿಲ್ಲ, ಆದರೆ ಮಾರನೆಯ ದಿನದಿಂದ ಗಲ್ಲಾದ ಬೀಗದ ಕೈ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ಹುಡುಗನಿಗೆ ಅರ್ಥವಾಗಿತ್ತು. ಮಧ್ಯಾಹ್ನ ಅವನು ನಮ್ಮ ಜೊತೆ ಮಾತಾಡುವುದನ್ನೇ ಬಿಟ್ಟ.

ಎರಡು ದಿನದ ಮೇಲೆ ನನಗೆ ಹೊಳೆಯಿತು. 2700 ಎಂದರೆ 900×3. ಸಾವಿರದ ಮತ್ತು ನೂರರ ಸ್ಥಾನದ ಅಂಕಿಗಳು ತಿರುವುಮುರುವಾಗಿದ್ದರೆ, ಅವುಗಳ ನಡುವೆ 3 ಅಂತರ ಇರಬೇಕು. 4 ಮತ್ತು 1, 5 ಮತ್ತು 2, 7 ಮತ್ತು 4, ಹೀಗೆ. ಪುಸ್ತಕದಲ್ಲಿ ಅಂಥ ಸಾಲುಗಳು ಐದೇ ಇದ್ದವು. ಮೂರನೆಯದರಲ್ಲಿ ಸಿಕ್ಕಿತು. ಬಿಲ್ಲು 4710, ಪುಸ್ತಕದಲ್ಲಿ 7410. ಅಕ್ಷರ ನನ್ನದು.

ಒಂಬತ್ತರಿಂದ ಭಾಗವಾಯಿತು ಎಂದ ಮಾತ್ರಕ್ಕೆ ಬರೆದವರದೇ ತಪ್ಪು ಎಂದು ಸಾಬೀತಾಗುವುದಿಲ್ಲ. ನಿಜವಾಗಿಯೂ ಯಾರಾದರೂ 2700 ತೆಗೆದಿದ್ದರೂ ಅದು 9ರಿಂದ ಭಾಗವಾಗುತ್ತಿತ್ತು. ಎಲ್ಲಿ ಹುಡುಕಬೇಕು ಎಂದಷ್ಟೇ ಅದು ಹೇಳುತ್ತದೆ. ಬಿಲ್ಲು ಕೈಗೆ ಸಿಗುವವರೆಗೆ ಸುಮ್ಮನಿರಬೇಕು. ಮಾಮುವಿಗೆ ಎರಡನ್ನೂ ತೋರಿಸಿದೆ. ಅವರು ಬೀಗದ ಕೈ ತೆಗೆದು ಆ ಹುಡುಗನ ಕೈಯಲ್ಲಿ ಕೊಟ್ಟು ಟೀ ತರಲು ಹೋದರು.

ಶಕುಂತಲಾ ದೇವಿಯವರ ಇನ್ನೊಂದು ಲೆಕ್ಕವನ್ನೂ ನಾವು ತಕ್ಕಡಿಗೆ ಹಾಕಿದೆವು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಂಪ್ಯೂಟರ್ ವಿಭಾಗದವರು ಮನಸ್ಸಿಗೆ ಬಂದಂತೆ ಆರಿಸಿದ ಎರಡು ಹದಿಮೂರಂಕಿಯ ಸಂಖ್ಯೆಗಳು: 7,686,369,774,870 ಮತ್ತು 2,465,099,745,779. ಗುಣಲಬ್ಧವನ್ನು ಅವರು 28 ಸೆಕೆಂಡಿನಲ್ಲಿ ಹೇಳಿದರು: 18,947,668,177,995,426,462,773,730. ಒಂಬತ್ತರ ಪರೀಕ್ಷೆಯಲ್ಲಿ ಮೊದಲನೆಯದು 6, ಎರಡನೆಯದು 2, ಗುಣಿಸಿದರೆ 12, ಅಂದರೆ 3. ಗುಣಲಬ್ಧದ ಮೊತ್ತ 138, ಅದೂ 3. ಹನ್ನೊಂದರ ಪರೀಕ್ಷೆ ಮಾಡುವಾಗ ಒಂದು ಮಜಾ ಸಿಕ್ಕಿತು. ಎರಡನೇ ಸಂಖ್ಯೆ 11ರಿಂದ ಪೂರ್ತಿ ಭಾಗವಾಗುತ್ತದೆ! ಹಾಗಿದ್ದರೆ ಗುಣಲಬ್ಧವೂ ಭಾಗವಾಗಲೇಬೇಕು. ಇಪ್ಪತ್ತಾರು ಅಂಕಿಗಳನ್ನು ಕೂಡಿ ಕಳೆದು ನೋಡಿದೆವು, ಸೊನ್ನೆ ಬಂತು.

ಜನ 201 ಅಂಕಿಯನ್ನೇ ದೊಡ್ಡ ಸಾಧನೆ ಎನ್ನುತ್ತಾರೆ. ಲೆಕ್ಕ ಮಾಡಿ ನೋಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಬೇಕಾದ್ದು ಒಂಬತ್ತೇ ಅಂಕಿ, ಪೂರ್ಣ ಮೂಲ ಇದೆ ಎಂದು ಮೊದಲೇ ಗೊತ್ತು, ಎರಡು ತುದಿಗಳಿಂದ ಸುಳಿವು ಸಿಗುತ್ತದೆ. ಗುಣಾಕಾರದಲ್ಲಿ ಸುಳಿವೇ ಇಲ್ಲ. 26 ಅಂಕಿಗಳನ್ನೂ ಒಂದೊಂದಾಗಿ ಸಂಪಾದಿಸಬೇಕು, ಪ್ರತಿಯೊಂದಕ್ಕೂ ಹಿಂದಿನ ದಶಕ ಹೊತ್ತು ತರಬೇಕು. ಗಿನ್ನೆಸ್ ಪುಸ್ತಕದ 1982ರ ಆವೃತ್ತಿಯಲ್ಲಿ ಸೇರಿದ್ದೂ ಈ 28 ಸೆಕೆಂಡೇ.

ಓದುಗರಿಗೆ ಒಂದು ಲೆಕ್ಕ. 275894451 ಒಂದು ಪೂರ್ಣ ಘನ. ಮೇಲಿನ ಹನ್ನೊಂದು ಶೇಷಗಳ ಪಟ್ಟಿ ಇಟ್ಟುಕೊಂಡು, ಮೊಬೈಲ್ ಮುಟ್ಟದೆ, ಇದರ ಘನಮೂಲ ತೆಗೆಯಿರಿ. ಗಡಿಯಾರ ನೋಡಿಕೊಂಡು ಮಾಡಿ. ನಮ್ಮ ಮೂವರಲ್ಲಿ ಬೇಗ ಮಾಡಿದ್ದು ಯಳಂದೂರಿನವನು, 40 ಸೆಕೆಂಡು.